ಜೀವಾಳ ಇಲ್ಲ ಎಂದು ಬರೆದ ನೀಲಗಂಗಾ

ಎರಡು ರೆಕಾರ್ಡುಗಳ ಆ ಸೆಟ್ಟಿಗೆ ಅಂಗಡಿಯಲ್ಲಿ ನಲವತ್ತೆರಡು ಡಾಲರ್. ಅದರ ನಾಲ್ಕೂ ಮುಖಗಳನ್ನು ಪೂರ್ತಿ ಕೇಳಲು ಎಂಬತ್ತೆಂಟು ನಿಮಿಷ ಬೇಕು. ರೆಕಾರ್ಡು ಕೇಳಿ ತಪ್ಪು ಹಿಡಿಯುವುದು ಗಂಟೆಗೆ ಹತ್ತೊಂಬತ್ತು ಡಾಲರ್ ಸಂಬಳದ ನೀಲಗಂಗಾ ಅವರ ಕೆಲಸ; ಅವರು ಒಂದು ಸೆಟ್ ಕೇಳಿ ಮುಗಿಸಿದರೆ ಕಂಪನಿಗೆ ಸುಮಾರು ಇಪ್ಪತ್ತೆಂಟು ಡಾಲರ್ ಖರ್ಚು. ಸೆಟ್ಟಿನೊಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ ಇನ್ನೊಂದು ಹೆಸರು ಸೇರಿಸಲು ಖರ್ಚೇನೂ ಇರಲಿಲ್ಲ. ಆದರೆ ಅಲ್ಲಿ ಅಚ್ಚಾಗಿರುವುದು ಬೇರೆಯವರ ಹೆಸರು.

ಬೆಳಗಿನ ಐದೂ ಮುಕ್ಕಾಲು. ಅಮೆರಿಕದ ರಾಲಿ ನಗರದ ಹೊರಗಿನ ರೆಕಾರ್ಡ್ ಕಾರ್ಖಾನೆಯಲ್ಲಿ ಅಚ್ಚಿನ ಯಂತ್ರಗಳು ಈಗಷ್ಟೇ ಬಿಸಿಯಾಗುತ್ತಿವೆ. ಅರವತ್ತೊಂದರ ನೀಲಗಂಗಾ ಕಿವಿಯ ಬೆಂಡೋಲೆ ಬಿಚ್ಚಿ ಸಣ್ಣ ಡಬ್ಬಿಗೆ ಹಾಕುತ್ತಾರೆ. ಹೆಡ್‌ಫೋನಿಗೆ ತಗುಲಿದರೆ ಅದೇ ಒಂದು ಸದ್ದಾಗುತ್ತದೆ. ತಟ್ಟೆ ತಿರುಗುತ್ತದೆ, ಸೂಜಿ ಇಳಿಯುತ್ತದೆ, ಅವರು ಕಣ್ಣು ಮುಚ್ಚುತ್ತಾರೆ. ಎಲ್ಲೋ ಒಂದು ‘ಟಿಕ್’ ಕೇಳಿದರೆ ಕಾರ್ಡಿನ ಮೇಲೆ ಪೆನ್ಸಿಲಿನ ಗೆರೆ ಬೀಳುತ್ತದೆ.

“ಹಾಡು ನಾ ಕೇಳಂಗಿಲ್ರಿ. ಕಸ ಕೇಳ್ತೀನಿ,” ಎನ್ನುತ್ತಾರೆ. “ಹಾಡಿನ ಹಿಂದ ಬಿದ್ರ ಕಸ ತಪ್ಪಿಸ್ಕೋತದ.”

ದಿನಕ್ಕೆ ನಾಲ್ಕು ಸೆಟ್, ಹದಿನಾರು ಮುಖ. ಮೂರು ಗಂಟೆಗೆ ಮನೆಗೆ ಬಂದರೆ ಟಿ.ವಿ. ಹಚ್ಚುವಂತಿಲ್ಲ, ಮಿಕ್ಸರ್ ತಿರುಗಿಸುವಂತಿಲ್ಲ. ಸೇತುವೆ ಎಂಜಿನಿಯರಾಗಿ ನಿವೃತ್ತರಾದ ಪತಿ ಗುರುಸಿದ್ದಪ್ಪ ಅವರೇ ಖಾರ ಕುಟ್ಟಬೇಕು, ಅದೂ ಗ್ಯಾರೇಜಿನಲ್ಲಿ. “ಮೂವತ್ತೈದು ವರ್ಷ ನಾ ಹೇಳಿದ್ದು ಒಂದೂ ಕೇಳಲಿಲ್ಲ,” ಎಂದು ಅವರು ನಗುತ್ತಾರೆ. “ಈಗ ಕೇಳಾಕ ರೊಕ್ಕ ತಗೋತಾಳ.”

ನೀಲಗಂಗಾ ಹುಟ್ಟಿದ್ದು ಗದುಗಿನಲ್ಲಿ, ವಾದ್ಯ ರಿಪೇರಿ ಮಾಡುವವರ ಮನೆಯಲ್ಲಿ. ಅಪ್ಪನ ಅಂಗಡಿಯಲ್ಲಿ ಹತ್ತನೇ ವಯಸ್ಸಿಗೇ ತಂಬೂರಿಯ ತಂತಿ ಏರಿಸುತ್ತಿದ್ದರು. ಹಾಡಲು ಯಾರೂ ಕಲಿಸಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬಟ್ಟೆ ಅಂಗಡಿಯಲ್ಲಿ ಹೊಲಿದರು, ಶಾಲೆಯ ಅಡುಗೆಮನೆಯಲ್ಲಿ ದುಡಿದರು. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲಿ ಕೂತು ಹಳೇ ರೀತಿಯ ರೆಕಾರ್ಡುಗಳನ್ನು ಮತ್ತೆ ಕೊಳ್ಳತೊಡಗಿದಾಗ ಕಾರ್ಖಾನೆಗೆ ಕಿವಿಗಳು ಬೇಕಾದವು. ಪರೀಕ್ಷೆಗೆ ಬಂದ ಮೂವತ್ತು ಮಂದಿಯಲ್ಲಿ ಎಲ್ಲ ತಪ್ಪುಗಳನ್ನೂ ಹಿಡಿದವರು ಇವರೊಬ್ಬರೇ.

ಎರಡು ವರ್ಷಗಳ ಹಿಂದೆ ಎಲ್ವುಡ್ ಟೇಟ್ ಎಂಬ ಗಾಯಕನ ಜೋಡಿ ರೆಕಾರ್ಡು ಮರುಮುದ್ರಣಕ್ಕೆ ಬಂತು. ಕೆರೊಲೈನಾದ ಈ ಮನುಷ್ಯ ತಾನೇ ಬರೆದು, ಗಿಟಾರ್ ಹಿಡಿದು, ಇಂಪಾಗಿ ಹಾಡಿ ಹೆಸರು ಮಾಡಿದ್ದವನು. ೧೯೭೪ರಲ್ಲಿ ಏನು ಹೊಕ್ಕಿತೋ, ಮನೆಯ ದೀಪವಾರಿಸಿ ಕೂತು ಸಾವು, ಸಿಟ್ಟು, ಒಂಟಿತನದ ಮೇಲೆ ನಾಲ್ಕು ಮುಖ ತುಂಬಿಸಿದ. ಬಾಗಿಲ ಕಿರುಗುಟ್ಟುವಿಕೆ, ನಾಯಿಯ ಉಸಿರು ಎಲ್ಲವನ್ನೂ ಸೇರಿಸಿದ. ಮೂರನೇ ಮುಖದ ಉದ್ದಕ್ಕೂ ಹಾಡಿನ ಕೆಳಗೆ ತಂಬೂರಿ ನುಡಿಸಿದ. ಆಗ ಯಾರೂ ಕೊಳ್ಳಲಿಲ್ಲ. ಈಗ ಸಂಗ್ರಹಕಾರರು ಮುಗಿಬೀಳುತ್ತಿದ್ದಾರೆ.

ಅಟ್ಲಾಂಟಾದ ಒಂದು ಸ್ಟುಡಿಯೊ ಅದರ ಹಳೇ ಟೇಪನ್ನು ಶುಚಿ ಮಾಡಿ ಕಳಿಸಿತ್ತು. ಮೂರನೇ ಮುಖ ಕೇಳಿದ ನೀಲಗಂಗಾ ಮತ್ತೆ ಕೇಳಿದರು. ಒಂಬತ್ತು ಸಲ ಕೇಳಿ, ಇಂಗ್ಲಿಷಿನಲ್ಲಿ ಮಾತು ಸಿಗದೆ, ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದರು: ‘ಜೀವಾಳ ಇಲ್ಲ.’

ಮೇಲ್ವಿಚಾರಕ ಧೀರಜ್ ಮೈಸೂರಿನವರು, ಕನ್ನಡ ಬಲ್ಲವರು. ಅದೇ ಎಡವಟ್ಟಾಯಿತು. ‘ಈ ರೆಕಾರ್ಡಿನಲ್ಲಿ ಪ್ರಾಣವೇ ಇಲ್ಲ’ ಎಂದು ಅನುವಾದಿಸಿ ಅಟ್ಲಾಂಟಾಗೆ ಕಳಿಸಿಬಿಟ್ಟರು. ಕಸ ಹುಡುಕುವವರು ವಿಮರ್ಶೆ ಬರೆಯಬೇಕಿಲ್ಲ, ಇದು ಪ್ರಾಣ ಹಿಂಡುವ ಆಲ್ಬಮ್ಮೇ, ಎಂದು ಉತ್ತರ ಬಂತು.

“ಆಂಟಿ, ಡಿಫೆಕ್ಟ್ ಮಾತ್ರ ಬರೀರಿ. ಇಷ್ಟ ಆಯ್ತೋ ಇಲ್ವೋ ನಾವು ಕೇಳಿಲ್ಲ,” ಎಂದರು ಧೀರಜ್.

“ಡಿಫೆಕ್ಟೇ ಬರದೀನಲ್ಲೊ ತಮ್ಮಾ,” ಎಂದು ನೀಲಗಂಗಾ ಸ್ವೆಟರಿನಿಂದ ಒಂದು ಎಳೆ ಕಿತ್ತು ಮೇಜಿನ ಮೇಲಿಟ್ಟರು. ತಂಬೂರಿಯಲ್ಲಿ ತಂತಿ ಕೂರುವ ಮರದ ಕುದುರೆಯ ಮೇಲೆ, ತಂತಿಯ ಕೆಳಗೆ, ಇಷ್ಟೇ ಇಷ್ಟು ದಾರ ತೂರಿಸುತ್ತಾರೆ. ಅದರ ಹೆಸರು ಜೀವಾಳ. ನಾದ ಝೇಂಕರಿಸಿ ಅರಳುವುದು ಅದರಿಂದ. “ತಂತಿ ಮೀಟಿದ್ದು ಕೇಳಸ್ತದ, ಆಮ್ಯಾಲೆ ಅರಳಂಗಿಲ್ಲ. ಯಾರೋ ಅದನ್ನ ಕಸ ಅಂತ ಬಳದಾರ.”

ಧೀರಜ್‌ಗೆ ಅರ್ಥವಾಯಿತು. ಆದರೆ ಅಟ್ಲಾಂಟಾದವರಿಗೆ ಇಂಗ್ಲಿಷಿನಲ್ಲಿ ಹೇಳುವವರು ಬೇಕಿತ್ತು. ಪಕ್ಕದ ಊರು ಕ್ಯಾರಿಯಲ್ಲಿ ಸಂಗೀತ ಕಲಿಸುವ ಕಾತ್ಯಾಯಿನಿಗೆ ಫೋನ್ ಮಾಡಿ, ತಪ್ಪು ಹಿಡಿದವರ ಹೆಸರು ಹೇಳದೆ, ವಿಷಯ ತಿಳಿಸಿದರು. ಆಕೆ ವೀಡಿಯೊ ಕರೆಯಲ್ಲಿ ಹತ್ತು ನಿಮಿಷ ಮಾತಾಡಿದರು. ಸ್ಟುಡಿಯೊ ಮೂಲ ಟೇಪನ್ನು ಹಾಕಿ ನೋಡಿತು. ಝೇಂಕಾರ ಅಲ್ಲೇ ಇತ್ತು. ಗೊರಗುಟ್ಟುವ ಸದ್ದೆಂದು ಸಾಫ್ಟ್‌ವೇರ್ ಅಳಿಸಿತ್ತು. ಇಡೀ ಮುಖವನ್ನು ಹೊಸದಾಗಿ ತಯಾರಿಸಿದರು. ಪುಸ್ತಿಕೆಯಲ್ಲಿ ಬಂತು: ‘ತಂಬೂರಿ ಸಲಹೆ: ಕಾತ್ಯಾಯಿನಿ.’

ಆ ಯುಗಾದಿ ಊಟದಲ್ಲಿ ಕ್ಯಾರಿಯ ಕನ್ನಡಿಗರೆಲ್ಲ ಕಾತ್ಯಾಯಿನಿಯ ಸುತ್ತ ನಿಂತಿದ್ದರು. ಆಕೆ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: “ನೀಲಾ ಆಂಟಿ, ನೀವೂ ಅದೇ ಫ್ಯಾಕ್ಟರೀಲಿ ಅಲ್ವಾ? ಪ್ಯಾಕಿಂಗಾ?”

“ಹೌದವಾ, ಪ್ಯಾಕಿಂಗ್,” ಎಂದರು ನೀಲಗಂಗಾ. ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದರು.

“ಹೊಟ್ಟಿಕಿಚ್ಚು ಅಂದ್ರ ಹೊಟ್ಟಿಕಿಚ್ಚರಿ. ಅದಕ್ಕ ಚಂದನ ಹೆಸರು ಯಾಕ ಇಡ್ಲಿ? ಆಕಿ ದನಿ ಕೇಳಿದ್ರ ಉರೀತದ, ಆಕಿ ಕಾರು ನೋಡಿದ್ರ ಉರೀತದ. ಆಕಿ ಸುಳ್ಳೇನೂ ಹೇಳಿಲ್ಲ. ಅದಕ್ಕ ಇನ್ನೂ ಉರೀತದ,” ಎನ್ನುತ್ತಾರೆ ಈಗ.

ಕಳೆದ ಚಳಿಗಾಲದಲ್ಲಿ ಕಾತ್ಯಾಯಿನಿಯದೇ ಒಂದು ರೆಕಾರ್ಡು ಇದೇ ಕಾರ್ಖಾನೆಗೆ ಬಂತು, ಇವರ ಮೇಜಿಗೇ. ಒಂದು ಸಲ ಕೇಳಿದರೆ ಸಾಕಿತ್ತು. “ಮೂರು ಸಲ ಕೇಳಿದೆ, ಒಂದು ಕಸನಾದ್ರೂ ಸಿಗಲಿ ಅಂತ. ಸಿಗಲಿಲ್ಲ. ಬರೀಬೇಕಲ್ಲ, ಪಾಸ್ ಅಂತ ಬರದೆ. ಬರಿಯೂ ಮುಂದ ಪೆನ್ಸಿಲಿನ ಸೀಸ ಮುರೀತು.”

ಈ ವರ್ಷ ಟೇಟ್ ಸೆಟ್ಟಿನ ಎರಡನೇ ಮುದ್ರಣ. ನೀಲಗಂಗಾ ಮೊದಲ ಸಲ ಬಾಯಿಬಿಟ್ಟು ಕೇಳಿದರು: ನನ್ನ ಹೆಸರೂ ಹಾಕಿಸ್ತೀಯೇನು? ಧೀರಜ್ ಹಳೇ ಕಾರ್ಡಿನ ಚಿತ್ರ ಸಮೇತ ಅಟ್ಲಾಂಟಾಗೆ ಪತ್ರ ಬರೆದರು. ಪುಸ್ತಿಕೆ ಮೊದಲಿನಂತೆಯೇ ಇರುತ್ತದೆ, ಬದಲಾವಣೆ ಇಲ್ಲ, ಎಂದು ಉತ್ತರ ಬಂತು.

“ಸಾರಿ ಆಂಟಿ. ನನ್ ಕೈಲಿ ಇದ್ದದ್ದು ಇಷ್ಟೇ,” ಎಂದು ಅವರು ಹೊಸ ಕಾರ್ಡಿನ ಕಟ್ಟು ತಂದಿಟ್ಟರು. ತಪ್ಪುಗಳ ಪಟ್ಟಿಯಲ್ಲಿ ಟಿಕ್, ಚಟಪಟ, ಸುಯ್‌ಗುಟ್ಟುವಿಕೆಗಳ ಕೆಳಗೆ ಒಂದು ಹೊಸ ಚೌಕ: ‘ಜೀವಾಳ.’ ಇರಬೇಕಾದ ಸದ್ದನ್ನು ತಪ್ಪಾಗಿ ಅಳಿಸಿದ್ದರೆ ಅಲ್ಲಿ ಗೆರೆ ಎಳೆಯಬೇಕು. ಪಕ್ಕದ ಕೋಣೆಯಲ್ಲಿ ಇದೇ ಕೆಲಸ ಮಾಡುವ ಅಮೆರಿಕದ ಹುಡುಗಿ ಈಗ ದಿನಕ್ಕೆ ಹದಿನಾರು ಸಲ “ಜಿವಾಲಾ ಓಕೆ” ಎನ್ನುತ್ತಾಳೆ.

“ನಮ್ಮಪ್ಪ ಅನ್ನೂ ಮಾತದು. ಆಕಿಗೆ ಳ ಬರಂಗಿಲ್ಲ, ಕಲಸ್ತೀನಿ,” ಎನ್ನುತ್ತ ನೀಲಗಂಗಾ ಹೆಡ್‌ಫೋನ್ ಏರಿಸುತ್ತಾರೆ.

ಪುಸ್ತಿಕೆಯ ಸಾಲು ಕಾತ್ಯಾಯಿನಿಗೇ ಉಳಿಯಿತು. ಕಾರ್ಡಿನ ಚೌಕ ನೀಲಗಂಗಾಗೆ ಬಂತು. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.