ಮಂಡಿ ಹೆರೆಯುವ ಬಾಯಮ್ಮ

ಆಕೆಯ ಬೆರಳ ತುದಿಗಳು ಇಡೀ ದಿನ ಬಟ್ಟೆ ಒಗೆದವರ ಬೆರಳಿನಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಒಗೆದು ಆದದ್ದಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ರಬ್ಬರ್ ಗ್ಲೌಸಿನೊಳಗೆ ಬೆಂದ ಕೈ ಅದು. ಉಗುರುಗಳನ್ನು ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಮೂರು ಸಲ ಸಾಬೂನು ಹಾಕಿದರೂ ಹಸಿ ಎಲುಬಿನ ವಾಸನೆ, ಅದರ ಮೇಲೆ ಸ್ಪಿರಿಟ್ಟಿನ ವಾಸನೆ. ಆ ಕೈಯಿಂದ ಚಹಾ ಕೊಟ್ಟರೆ ನಾನು ಕಾಣದ ಹಾಗೆ ಸಿಂಕಿಗೆ ಚೆಲ್ಲುತ್ತಿದ್ದೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳ ಮಗುವನ್ನು ನೋಡಿಕೊಳ್ಳಲಿಕ್ಕೆಂದು ಉಡುಪಿ ಕಡೆಯಿಂದ ದುಬೈಗೆ ಹೋಗಿ ಕೆಲವು ವರ್ಷ ಇದ್ದೆ. ಮನೆ ಸಿಲಿಕಾನ್ ಓಯಸಿಸ್‌ನಲ್ಲಿ, ಒಂಬತ್ತನೇ ಮಾಳಿಗೆ. ಒಂದು ಕೋಣೆಯನ್ನು ಶೇರಿಂಗಿಗೆ ಕೊಟ್ಟಿದ್ದರು. ಅದರಲ್ಲಿದ್ದವರು ಈಕೆ. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ನಮ್ಮ ಕಡೆ ಅವರ ಹೆಂಗಸರನ್ನು ಬಾಯಮ್ಮ ಅನ್ನುವುದು ರೂಢಿ, ನಾನೂ ಹಾಗೇ ಕರೆದೆ. ದೊಡ್ಡ ವಿಜ್ಞಾನಿ ಎಂದು ಅಳಿಯ ಹೇಳಿದ. ಎಂಥ ವಿಜ್ಞಾನ ಎಂದರೆ, ಎಲುಬಿನ ತುದಿಯಲ್ಲಿ ಬೆಳ್ಳಗೆ ಒಂದು ಮೆದು ಎಲುಬು ಇರುತ್ತದಲ್ಲ, ಅದು. ಅದು ಸವೆದರೆ ನಮ್ಮಂಥ ಮುದುಕಿಯರಿಗೆ ಗಂಟುನೋವು. ಇಪ್ಪತ್ತು ವರ್ಷದಿಂದ ಆಕೆ ಕೊಯ್ದು, ಹೆರೆದು ನೋಡುತ್ತಿದ್ದದ್ದು ಅದೊಂದನ್ನೇ. ಇಷ್ಟು ಓದಿದ್ದು ಕಸಾಯಿ ಕೆಲಸಕ್ಕಾ ಎಂದು ನನಗೆ ಹೇಸಿಗೆ.

ಒಂದು ಗುರುವಾರ ಸಂಜೆ ಫ್ರಿಜ್ಜು ತೆಗೆದರೆ ದೋಸೆ ಹಿಟ್ಟಿನ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಲುಗಳು.

"ಬಾಯಮ್ಮಾ, ಇದೆಂತ?"

"ಕುರಿಯ ಮಂಡಿ ಅಕ್ಕ. ನಾಳೆ ಲ್ಯಾಬಿಗೆ ರಜೆ ಅಲ್ವಾ, ಎರಡು ದಿನ ಇರ್ಲಿ."

"ದನದ್ದಾದ್ರೆ ಅದರೊಟ್ಟಿಗೆ ನಿಮ್ಮನ್ನೂ ಕೆಳಗೆ ಬಿಸಾಡ್ತೇನೆ, ನೋಡಿ."

"ದನದ್ದಾದ್ರೆ ಈ ಫ್ರಿಜ್ಜಲ್ಲಿ ಹಿಡಿಸ್ಲಿಕ್ಕುಂಟಾ?"

ಮೊಮ್ಮಗಳು ಇಣುಕಿ, "ಯಕ್, ಅಜ್ಜಿ, ದಟ್ಸ್ ಸೋ ಗ್ರಾಸ್!" ಎಂದು ಓಡಿದಳು. ಬಾಯಮ್ಮನಿಗೆ ಅದ್ಯಾವುದೂ ತಾಗಲಿಲ್ಲ. ನನ್ನದೇ ಸ್ಟೀಲ್ ಬಟ್ಟಲಲ್ಲಿ ಒಂದು ಮಂಡಿಯ ಗಂಟನ್ನು ಬಿಡಿಸಿ ಆ ಮೆದು ಎಲುಬನ್ನು ತೋರಿಸಿದರು. ಎಳನೀರಿನ ಬುರುಡೆಯೊಳಗಿನ ತೆಳು ಗಂಜಿಯಂತೆ ಬಿಳಿ, ಬೆಳಕಿಗೆ ಹೊಳೆಯುತ್ತಿತ್ತು. "ಇದಕ್ಕೆ ರಕ್ತ ಬರುವ ದಾರಿ ಇಲ್ಲ ಅಕ್ಕ, ನರವೂ ಇಲ್ಲ. ಗಾಯ ಆದ್ರೆ ಹೇಳ್ಲಿಕ್ಕೂ ಆಗುದಿಲ್ಲ, ಮಾಯ್ಲಿಕ್ಕೂ ಆಗುದಿಲ್ಲ. ಮೂಕ ಇದು" ಎಂದರು. ತೊಟ್ಟಿಲ ಮಗುವಿನ ಬಗ್ಗೆ ಹೇಳುವ ಧ್ವನಿ. ಆ ಬಟ್ಟಲನ್ನು ಅಡಿಗೆಗೆ ನಾನು ಮತ್ತೆ ಮುಟ್ಟಲಿಲ್ಲ.

ಊಟವನ್ನು ನಿಂತೇ ಮಾಡುತ್ತಿದ್ದರು. ನಾನು ನೆಲದಿಂದ ಏಳುವಾಗ ಎಷ್ಟು ಸಲ ಕೈ ಊರಿದೆ ಎಂದು ಎಣಿಸಿ ತಮ್ಮ ಅಂಗೈಯ ಹಿಂಬದಿಗೆ ಪೆನ್ನಲ್ಲಿ ಬರೆದುಕೊಳ್ಳುತ್ತಿದ್ದರು. ಮೂರು ವಾರ ಸಾಕಿದ ಯಾವುದೋ ಜೀವಕಣ ಕೆಟ್ಟರೆ ಎಲ್ಲ ಬಿಸಾಡಿ ಮೊದಲಿಂದ ಶುರು. ಒಮ್ಮೆ ಸರಿಯಾಗಿ ಬಂದರೂ ನಂಬುತ್ತಿರಲಿಲ್ಲ. "ಒಮ್ಮೆ ಆದ್ರೆ ಅದೃಷ್ಟ ಅಕ್ಕ. ಮೂರು ಸಲ ಆದ್ರೆ ಮಾತು" ಅನ್ನುತ್ತಿದ್ದರು.

ಬಾಯಮ್ಮನ ಲ್ಯಾಬಿನ ಮಾಲೀಕನಿಗೆ ರಾಸ್ ಅಲ್ ಖೋರ್‌ನಲ್ಲಿ ಕಾರಿನ ಬಿಡಿಭಾಗಗಳ ಗೋದಾಮೂ ಇತ್ತು, ಅಬುಧಾಬಿಯಲ್ಲಿ ಕ್ಲಿನಿಕ್ಕೂ ಇತ್ತು. ನಮ್ಮ ಅಳಿಯ ಆ ಗೋದಾಮಿನಲ್ಲಿ ಸ್ಟೋರ್ ಕೀಪರ್. ಬಾಯಮ್ಮ ನಮ್ಮ ಮನೆಗೆ ಬಂದದ್ದೂ ಆ ಗುರುತಿನ ಮೇಲೆಯೇ. ಒಂದು ವರ್ಷ ಕ್ಲಿನಿಕ್ಕಿನಲ್ಲಿ ಮಂಡಿಗೆ ಹೊಸ ಸೂಜಿ ಶುರುವಾಯಿತು. ಸವೆದ ಮೆದು ಎಲುಬು ಮತ್ತೆ ಬೆಳೆಯುತ್ತದಂತೆ. ನಮ್ಮದೇ ಲ್ಯಾಬಿನ ಸಂಶೋಧನೆ ಎಂದು ಕಾಗದದಲ್ಲಿ ಹಾಕಿದ್ದರು, ಅಳಿಯ ಓದಿ ಹೇಳಿದ.

ನಮ್ಮ ಕಡೆಯವರು ಶುಕ್ರವಾರ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಭಜನೆಗೆ ಸೇರುತ್ತಿದ್ದೆವು. ಅಲ್ಲಿ ಡಂಗುರ ಹೊಡೆದವಳು ನಾನೇ. "ನಮ್ಮ ಬಾಯಮ್ಮನ ಸೂಜಿ. ಊರಿನವರು ಮಾಡಿದ್ದು, ಧೈರ್ಯದಲ್ಲಿ ಹಾಕಿಸಿ" ಎಂದೆ. ಬಾಯಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ನಮ್ಮವರ ಗುಣವೇ ಅದು. ಮಂಗಳೂರು ಉಡುಪಿಯವರ ಕೈ ಇದೆ ಎಂದರೆ ವಿಷವನ್ನೂ ಸಕ್ಕರೆ ಇದೆಯಾ ಎಂದಷ್ಟೇ ಕೇಳಿ ಕುಡಿಯುತ್ತೇವೆ. ನಾನು ಬಲಮಂಡಿಗೆ ಹಾಕಿಸಿಕೊಂಡೆ, ಹಿಂದೆಯೇ ನಾಲ್ಕು ಜನ ಹೋದರು. ನಾನು ಫೋನಿನಲ್ಲಿ ಈ ಜಂಬ ಕೊಚ್ಚುವುದು ಬಾಯಮ್ಮನಿಗೆ ಕೇಳುತ್ತಿತ್ತು. ಕೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮೂರನೇ ದಿನ ಮಂಡಿ ಕುಂಬಳಕಾಯಿಯಾಯಿತು. ಬಾಯಮ್ಮ ಐಸ್ ತಂದು ಕಾಲಬುಡದಲ್ಲಿ ಕೂತರು. ಎರಡು ಬೆರಳಿಂದ ಒತ್ತಿ ನೋಡಿದರು. ಮುಖ ಇಳಿಯಿತು.

"ಸರಿ ಹೇಳಿ ಬಾಯಮ್ಮ. ಬೆಳೀತದಾ?"

"ಇಲ್ಲ ಅಕ್ಕ. ಲ್ಯಾಬಿನ ಪ್ಲೇಟಲ್ಲಿ ಬೆಳೀತದೆ. ಕುರಿಯ ಕಾಲಲ್ಲಿ ಮೂರು ಸಲ ನೋಡಿದೆ, ಮೂರು ಸಲವೂ ಇಲ್ಲ. ಬೆಳೆದಿದೆ ಅಂತ ಬರೆದು ಸೈನ್ ಮಾಡು ಅಂದ್ರು ಮಾಲೀಕರು. ನಾನು ಮಾಡ್ಲಿಲ್ಲ."

"ಯಾವಾಗಿನ ಮಾತು?"

"ಆರು ತಿಂಗಳಾಯ್ತು."

"ಆರು ತಿಂಗಳು! ಎಂತಕ್ಕೆ ಬಾಯಿ ಮುಚ್ಚಿಕೊಂಡು ಕೂತದ್ದು?"

"ವೀಸಾ ಅವರದ್ದು. ಊರಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾರೆ ಅಕ್ಕ."

"ಥೂ" ಎಂದೆ. "ನಿಮಗಿಂತ ಆ ಕುರಿಯ ಎಲುಬು ವಾಸಿ. ಅದು ಹುಟ್ಟಿದ್ದೇ ಮೂಕವಾಗಿ."

ಆಕೆ ಐಸ್ ಕರಗುವವರೆಗೂ ಹಿಡಿದುಕೊಂಡಿದ್ದರು.

ಮುಂದಿನ ಶುಕ್ರವಾರ ಭಜನೆಯ ಮನೆಗೆ ಬಂದುಬಿಟ್ಟರು. ಮೊದಲು ಯಾವತ್ತೂ ಬಂದವರಲ್ಲ. ಮಂಗಳಾರತಿ ಮುಗಿಯುವವರೆಗೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತಿದ್ದು ಹೇಳಿದರು: "ಆ ಸೂಜಿಯಿಂದ ಎಂತದೂ ಬೆಳೆಯುದಿಲ್ಲ. ಕೆಲಸ ಮಾಡಿದವಳು ನಾನೇ. ಇನ್ನೊಂದು ಕಾಲಿಗೆ ಯಾರೂ ಹಾಕಿಸ್ಬೇಡಿ."

ಸೂಜಿ ಹಾಕಿಸಿಕೊಂಡವಳೊಬ್ಬಳು ಕೇಳಿದಳು, "ಇಷ್ಟು ದಿನ ಎಲ್ಲಿ ಹೋಗಿದ್ರಿ ಮಾರಾಯ್ರೆ?"

"ಎಲ್ಲಿಗೂ ಹೋಗ್ಲಿಲ್ಲ. ಮನೆಯಲ್ಲೇ ಇದ್ದೆ" ಎಂದರು. ಯಾರೋ ಪ್ರಸಾದ ಕೊಟ್ಟರು. ಆ ಸುಕ್ಕು ಕೈಯಲ್ಲಿ ತೆಗೆದುಕೊಂಡು ನಿಂತೇ ತಿಂದರು.

ಮನೆಗೆ ಬಂದು ನನ್ನನ್ನು ಕೇಳಿದರು, "ಸರಕಾರಕ್ಕೆ ದೂರು ಬರೀತೇನೆ ಅಕ್ಕ. ನಿಮ್ಮ ಮಂಡಿ ಊದಿದ್ದನ್ನು ಹಾಕ್ಲಾ? ಕೇಳಿದ್ರೆ ಹೌದು ಅಂತ ಹೇಳ್ತೀರಾ? ಒಬ್ಬರಾದ್ರೂ ಬೇಕು."

"ಬರೀರಿ. ನನಗೆಂತ ಹೆದರಿಕೆ?" ಎಂದೆ. ದೊಡ್ಡ ಬಾಯಿ.

ವಾರ ಕಳೆಯುವುದರೊಳಗೆ ಕ್ಲಿನಿಕ್ಕಿನ ಮ್ಯಾನೇಜರ್ ನಮ್ಮ ಮನೆಯ ಸೋಫಾದಲ್ಲಿ ಕೂತಿದ್ದ. ಮೈಯೆಲ್ಲ ಅರಬರ ಊದ್ ಅತ್ತರಿನ ಘಾಟು. ಬಾಯಮ್ಮನ ಎಲುಬಿನ ವಾಸನೆಯೇ ಮೇಲು ಅನ್ನಿಸಿತು. ಒಂದು ಕಾಗದ ಮುಂದಿಟ್ಟು ಹಿಂದಿಯಲ್ಲಿ ಮೆತ್ತಗೆ ಕೇಳಿದ: "ಮಾಜಿ, ಆ ಹೆಂಗಸು ನಿಮ್ಮ ಹೆಸರು ಬರೆದಿದ್ದಾಳೆ. ನಿಮ್ಮ ಮಂಡಿಗೆ ಏನಾದರೂ ಆಯಿತಾ? ನಮ್ಮ ಸೂಜಿ ಸುಳ್ಳು ಅಂತ ನಿಮಗೆ ಹೇಳಿದಳಾ?" ಅವನ ಹಿಂದೆ ಅಳಿಯ ನಿಂತಿದ್ದ. ಅಳಿಯನ ವೀಸಾವೂ ಅದೇ ಮಾಲೀಕನದ್ದು. ಅವನು ನನ್ನನ್ನೇ ನೋಡುತ್ತಿದ್ದ. ಕೋಣೆಯ ಬಾಗಿಲಲ್ಲಿ ಬಾಯಮ್ಮ.

ಸೀರೆಯನ್ನು ಮಂಡಿಯಿಂದ ಕೆಳಕ್ಕೆ ಎಳೆದುಕೊಂಡೆ. ಒಳಗೆ ಇನ್ನೂ ಬಿಸಿಯಾಗಿ ಊದಿಕೊಂಡೇ ಇತ್ತು. "ನಹೀಂ. ಕುಛ್ ನಹೀಂ ಹುವಾ. ಕುಛ್ ನಹೀಂ ಬೋಲಾ" ಎಂದೆ. ಕಾಗದಕ್ಕೆ ಸೈನ್ ಹಾಕಿದೆ, ನಾಲ್ಕನೇ ಕ್ಲಾಸಿನಲ್ಲಿ ಕಲಿತ ಸೈನ್. ಮ್ಯಾನೇಜರ್ ಕೈ ಕೊಡವಿ "ಖಲಾಸ್" ಎಂದು ಎದ್ದ. ಉಳಿದ ನಾಲ್ಕು ಜನರೂ ಹಾಗೇ ಹೇಳಿದರಂತೆ. ಎಲ್ಲರಿಗೂ ಮಗನೋ ಅಳಿಯನೋ ಇದ್ದ.

ದೂರು ನಿಲ್ಲಲಿಲ್ಲ. ಬಾಯಮ್ಮನ ವೀಸಾ ಕ್ಯಾನ್ಸಲ್ ಆಯಿತು. ಹೊರಡುವ ದಿನ ನನ್ನನ್ನು ಬೈಯುತ್ತಾರೆಂದು ಕಾದು ಕೂತಿದ್ದೆ. ನಾನು ಹೇಳಿದ 'ಥೂ' ತಿರುಗಿ ನನ್ನ ಮುಖಕ್ಕೇ ಬರಲಿ ಎಂದಿದ್ದೆ. ಆಕೆ ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು ಬಂದು ಕುಕ್ಕರಗಾಲಲ್ಲಿ ಕೂತು ನನ್ನ ಮಂಡಿ ಒತ್ತಿ ನೋಡಿದರು. "ನೀರು ಇಳಿದಿದೆ. ಎಡದ್ದಕ್ಕೆ ಬೇಡ ಅಕ್ಕ, ಆಯ್ತಾ?" ಎಂದರು. ಅಷ್ಟೇ.

ಎಡದ್ದಕ್ಕೆ ಹಾಕಿಸಲಿಲ್ಲ. ಇವತ್ತು ಬಚ್ಚಲಿಗಾದರೂ ನಡೆದು ಹೋಗುವುದು ಆ ಕಾಲಿನ ಬಲದಿಂದ.

ಆಮೇಲೆ ಆಕೆ ಊರಲ್ಲಿ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರಂತೆ. ನಾನೂ ಊರಿಗೆ ಬಂದೆ. ನನ್ನ ಮನೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಮಂಡಿನೋವು ಎಂದು ನೆಪ ಹೇಳಿ ಒಂದು ದಿನವೂ ಹೋಗಲಿಲ್ಲ. ಆ ನೆಪವನ್ನು ನೆನೆದರೆ ನನ್ನ ಮೇಲೇ ಹೇಸಿಗೆ. ಹಾಗೇ ಒಂದು ದಿನ ಮಗಳು ಫೋನಿನಲ್ಲಿ ಹೇಳಿದಳು, ಬಾಯಮ್ಮ ತೀರಿಕೊಂಡರಂತೆ, ಹೃದಯ ನಿಂತು, ಮಣ್ಣು ಕೊಟ್ಟು ತಿಂಗಳಾಯಿತಂತೆ.

ಅಳಿಯ ಆ ಮಾಲೀಕನನ್ನು ಬಿಟ್ಟು ಬೇರೆ ಕಡೆ ಸೇರಿ ವರ್ಷಗಳಾದವು. ಈಗ ಹೇಳುವುದರಲ್ಲಿ ಧೈರ್ಯ ಏನೂ ಇಲ್ಲ, ಗೊತ್ತು. ಆದರೂ ಆ ಮ್ಯಾನೇಜರ್ ಕೇಳಿದ ದಿನ ಹೇಳಬೇಕಾಗಿದ್ದದ್ದು ಇದು: ನನ್ನ ಮಂಡಿ ಊದಿದ್ದು ಹೌದು. ಆ ಸೂಜಿ ಹಾಕಿದ ಮೂರನೇ ದಿನ ಊದಿತು. ಆ ಸೂಜಿಯಿಂದ ಏನೂ ಬೆಳೆಯುವುದಿಲ್ಲ ಎಂದು ಬಾಯಮ್ಮ ನನ್ನೆದುರೇ ಹೇಳಿದರು. ನಾನು ಕೇಳಿದ್ದೇನೆ.