ಕಮಲಾಕ್ಷಿಯ ಗಾಜಿನ ಗೋಡೆ

ದಾವಣಗೆರೆಯ ಕಮಲಾಕ್ಷಿ ಬ್ಯಾಂಕಿನ ವರ್ಗಾವಣೆ ಮೇಲೆ ವಿಶಾಖಪಟ್ಟಣಕ್ಕೆ ಬಂದವಳು. ಅಲ್ಲಿಯ ಸಹೋದ್ಯೋಗಿ ಕಾಮೇಶ್ವರನನ್ನೇ ಮದುವೆಯಾಗಿ, ಋಷಿಕೊಂಡದ ಫ್ಲಾಟಿನಲ್ಲಿ ಇಪ್ಪತ್ತು ವರ್ಷ ಕಡಲಗಾಳಿ ಕುಡಿದಳು. ಹೀಗಾಗಿ ಮನೆ ಕಟ್ಟುವ ವಿದ್ಯೆಯಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ: ನೀರಿನ ಕಡೆ ಕಿಟಕಿ ಇಟ್ಟರೆ ಗಾಳಿ ತಾನಾಗಿ ಬರುತ್ತದೆ. ವಿಜಯವಾಡದ ಭವಾನಿಪುರಂನಲ್ಲಿ ಗಂಡನ ಪಾಲಿಗೆ ಸೈಟು ಬಂತು. ಅಲ್ಲಿಂದ ಕೃಷ್ಣೆ ಕಾಣುತ್ತಾಳೆ ಎಂದು ಗೊತ್ತಾದದ್ದೇ ತಡ, ಹಜಾರದ ಪಡುವಣ ಗೋಡೆಯ ಬದಲಿಗೆ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದಳು. ಎಂಜಿನಿಯರ್ ಎರಡು ಸಲ ಕೆಮ್ಮಿ ಸುಮ್ಮನಾದ.

ಆ ಮನೆ ಕಟ್ಟಿದ್ದೇ ಅತ್ತೆಗಾಗಿ. ಎಂಬತ್ತು ದಾಟಿದ ಕೋಟೇಶ್ವರಮ್ಮ ಗನ್ನವರಂನಲ್ಲಿ ಮಗಳು ಸಾಯಿಲಕ್ಷ್ಮಿಯ ಜೊತೆ ಇದ್ದರು. ಒಮ್ಮೆ ವಿಶಾಖಕ್ಕೆ ಬಂದವರು ವಾರ ತುಂಬುವ ಮೊದಲೇ, "ಒಂದು ನರಪಿಳ್ಳೆ ಬಂದು ಹೋಗದ ಮನೆ" ಎಂದು ಗಂಟುಮೂಟೆ ಕಟ್ಟಿದ್ದರು. ಆ ಮಾತು ಸೊಸೆಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅದಕ್ಕೇ ಹೊಸ ಹಜಾರ ಇಡೀ ಬಳಗ ಕೂತು ಉಣ್ಣುವಷ್ಟು ದೊಡ್ಡದಾಯಿತು. ಗೃಹಪ್ರವೇಶಕ್ಕೆ ಬರುತ್ತೇನೆ, ಮನಸ್ಸಿಗೆ ಹಿಡಿಸಿದರೆ ಉಳಿಯುತ್ತೇನೆ, ಇಲ್ಲವಾದರೆ ಸಂಜೆಗೆ ಮಗಳ ಕಾರಿನಲ್ಲೇ ವಾಪಸ್ಸು ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. "ಅಮ್ಮ ಉಳಿಯದಿದ್ದರೆ ಈ ಮನೆ ಯಾಕೆ, ಕಮಲಾ?" ಎಂದು ಕಾಮೇಶ್ವರ ಒಂದು ಸಲ ಕೇಳಿದ್ದ. ಮತ್ತೆ ಆ ಮಾತೆತ್ತಲಿಲ್ಲ, ಕಮಲಾಕ್ಷಿಗೆ ಅದೇ ಹೆಚ್ಚು ಭಯ.

ಮುಹೂರ್ತ ಸಿಕ್ಕಿದ್ದು ವೈಶಾಖದಲ್ಲಿ. ಬೆಳಗಿನ ಜಾವ ಹಾಲು ಉಕ್ಕಿಸುವಾಗ ಎಲ್ಲ ತಂಪಾಗಿತ್ತು. ನದಿ ನೋಡಿ ನೆಂಟರೆಲ್ಲ ಬಾಯಿ ತುಂಬ ಹೊಗಳಿದರು. ಮಧ್ಯಾಹ್ನ ವಾಲಿ ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಸೂರ್ಯ ಗಾಜಿನಾಚೆಗೇ ಬಂದು ನಿಂತ. ಕಡಲು ಗಾಳಿ ಕಳಿಸೀತು. ಮೇ ತಿಂಗಳ ಕೃಷ್ಣೆ ಬೆಳಕನ್ನು ಮೊಗೆದು ಮುಖಕ್ಕೆ ಎರಚುತ್ತಾಳೆ ಅಷ್ಟೇ. ಎ.ಸಿ.ಗಳು ಏದುಸಿರು ಬಿಟ್ಟವು. ಪುಳಿಹೊರ ಕಲಸಿಕೊಳ್ಳುತ್ತ, ಬೆವರು ಒರೆಸಿಕೊಳ್ಳುತ್ತ, "ಬಾಗುಂದಿ, ಚಾಲಾ ಬಾಗುಂದಿ", ಚೆನ್ನಾಗಿದೆ, ತುಂಬ ಚೆನ್ನಾಗಿದೆ ಎನ್ನುತ್ತಿದ್ದ ನೆಂಟರ ಮರ್ಯಾದೆ ನೋಡಲಾರದೆ ಕಮಲಾಕ್ಷಿ ಪಾಯಸದ ಪಾತ್ರೆ ಎತ್ತಿಕೊಂಡಳು.

ಉಂಡ ಮೇಲೆ ಕೋಟೇಶ್ವರಮ್ಮ ಬರಿ ನೆಲದ ಮೇಲೆ ಒರಗಬೇಕು, ಸುತ್ತ ಹೆಂಗಸರು ಕೂತು ಸಂಜೆಯವರೆಗೆ ಊರ ಸುದ್ದಿ ಆಡಬೇಕು. ಹೋದಲ್ಲೆಲ್ಲ ಅವರ ದರ್ಬಾರು ಹೀಗೇ. ಅವರು ಹಜಾರದ ಟೈಲ್ಸ್ ಮೇಲೆ ಅಂಗೈ ಊರಿದರು, ತಟ್ಟನೆ ಹಿಂದಕ್ಕೆಳೆದುಕೊಂಡು ಎದ್ದರು. ಕಮಲಾಕ್ಷಿ ಪಾಯಸದ ಪಾತ್ರೆ ಕೆಳಗಿಟ್ಟು ಬರುವಷ್ಟರಲ್ಲಿ ಅತ್ತೆ ಕಾಣಲಿಲ್ಲ, ನಾದಿನಿಯೂ ಕಾಣಲಿಲ್ಲ.

ಕೋಣೆಯಲ್ಲಿ ಇಲ್ಲ. ದೇವರ ಮನೆಯಲ್ಲಿ ಇಲ್ಲ. ಸಂಜೆಯವರೆಗೂ ಕಾಯದೆ ಹೊರಟೇಬಿಟ್ಟರೆ! ಬರಿಗಾಲಲ್ಲಿ ಕಾದ ಅಂಗಳ ದಾಟಿ ಗೇಟಿಗೆ ಓಡಿದಳು. ಸಾಯಿಲಕ್ಷ್ಮಿಯ ಕಾರು ಖಾಲಿ ನಿಂತಿತ್ತು. ಆಗ ಮನೆಯ ಹಿಂದಿನಿಂದ ಹೆಂಗಸರ ನಗು ಕೇಳಿಸಿತು.

ಅಡುಗೆಮನೆಯ ಹಿಂದೆ, ಮೂಡಣಕ್ಕೆ, ಪಾತ್ರೆ ತೊಳೆಯಲು ಬಿಟ್ಟ ಓಣಿಯಂಥ ಜಾಗ. ನೆಲಕ್ಕೆ ಒರಟು ಕಡಪಾ ಕಲ್ಲು. ಮನೆಯ ನೆರಳೆಲ್ಲ ಅಲ್ಲೇ ಬಿದ್ದಿತ್ತು. ಎಂಜಲು ಕೊಪ್ಪರಿಗೆಗಳ ನಡುವೆ ಕೋಟೇಶ್ವರಮ್ಮ ತೋಳು ತಲೆಗಿಟ್ಟು ಮಲಗಿದ್ದರು. ಸುತ್ತ ಸಾಯಿಲಕ್ಷ್ಮಿ ಮತ್ತು ಬಳಗದ ಹೆಂಗಸರೆಲ್ಲ ಒತ್ತಿಕೊಂಡು ಕೂತಿದ್ದರು.

"ಇಲ್ಲೆಲ್ಲಾ ಎಂಜಲು, ಅತ್ತಯ್ಯಾ. ಒಳಗೆ ಬನ್ನಿ," ಎಂದು ತೆಲುಗಿನಲ್ಲಿ ಕರೆದಳು ಕಮಲಾಕ್ಷಿ.

"ಒಳಗೆ ಸೂರ್ಯದೇವರು ಊಟಕ್ಕೆ ಕೂತಿದ್ದಾನೆ, ಅಮ್ಮಾಯಿ. ಹೋಗಿ ಅವನಿಗೆ ಬಡಿಸು."

ಎಲ್ಲರೂ ನಕ್ಕರು. ಕಮಲಾಕ್ಷಿಗೆ ನಗು ಬರಲಿಲ್ಲ. ದುಃಖ ಉಕ್ಕಿ ತೆಲುಗು ಮರೆತೇಹೋಯಿತು. "ಸಂಜಿಗೆ ಹೋಗಬ್ಯಾಡ್ರಿ," ಎಂದಳು. "ಇಲ್ಲೇ ಇರ್ರಿ."

ಕನ್ನಡದ ಮಾತು ತಿಳಿಯದಿದ್ದರೂ ಮುದುಕಿಗೆ ಅವಳ ಮುಖ ನೋಡಿಯೇ ಅರ್ಥವಾಯಿತು. "ಇವತ್ತು ಇರುತ್ತೇನೆ. ಆ ಗಾಜು ತೆಗೆಸಿ ಗೋಡೆ ಕಟ್ಟಿಸಿದರೆ ಮುಂದೂ ಇರುತ್ತೇನೆ."

ನೀರಿನ ಕಡೆಗೊಂದು ಕಿಟಕಿ; ಋಷಿಕೊಂಡದಿಂದ ಕಮಲಾಕ್ಷಿ ಹೊತ್ತು ತಂದ ಆಸೆ ಅದೊಂದೇ.

"ಕಟ್ಟಿಸ್ತೀನಿ," ಎಂದಳು.

ಕೋಟೇಶ್ವರಮ್ಮ ಕಾಲು ಮಡಚಿ ಅವಳಿಗೆ ಜಾಗ ಮಾಡಿಕೊಟ್ಟರು.