ಎರಡನೇ ಸೀಟಿ

ಇದನ್ನು ಹೇಳಿದಾಗಲೆಲ್ಲ ಕೇಳಿದವರು ಮೊದಲು ನಗುತ್ತಾರೆ. ನಗಲಿ. ಅವತ್ತು ಗೋಕಾಕ ಸೀಮೆಯ ಆ ಹಳಿಯ ಬದಿ ನಿಂತಿದ್ದವನು ನಾನು, ಅವರಲ್ಲ. ಇದರಲ್ಲಿ ಒಂದಕ್ಷರವೂ ನಾನು ಕಟ್ಟಿದ್ದಲ್ಲ.

ನಾನು ಮೂಡಲಗಿಯವನು, ಗೆಳೆಯ ಈರಣ್ಣ ಹುಕ್ಕೇರಿಯವನು. ಇಬ್ಬರೂ ಎಂಜಿನಿಯರಿಂಗ್ ಓದುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಹಾಯಾಗಿ ಮಲಗುವುದು ಬಿಟ್ಟು ಸಂಶೋಧನೆ ಎಂದು ತಲೆ ಕೆಡಿಸಿಕೊಂಡಿದ್ದೆವು. ಕಬ್ಬಿನ ಟ್ರ್ಯಾಕ್ಟರುಗಳ ಸವೆದ ಟಾಯರುಗಳನ್ನು ಸುಟ್ಟು ಹೊಗೆ ಮಾಡುವ ಬದಲು ಹಳಿಯ ಕೆಳಗೆ ಮೆತ್ತೆಯಾಗಿ ಹಾಕಿದರೆ ರೈಲಿನ ಸದ್ದು, ನಡುಕ ತಗ್ಗುತ್ತದೆಯೇ? ಇದು ನಮ್ಮ ವಿಷಯ. ಪರವಾನಗಿ ಸಿಕ್ಕ ಜಾಗದಲ್ಲಿ ರೈಲ್ವೆಯವರೇ ಮೆತ್ತೆ ಕೂರಿಸಿದ್ದರು. ಹಳಿಯನ್ನು ಸುತ್ತಿಗೆಯಿಂದ ಬಡಿಯುವುದು, ಪಕ್ಕದ ಯಂತ್ರದಲ್ಲಿ ಸದ್ದು ಹಿಡಿಯುವುದು. ಹೊಲದ ಪಂಪುಗಳ ಗದ್ದಲ ಇರಬಾರದೆಂದು ಕತ್ತಲಾದ ಮೇಲೆಯೇ ಕೆಲಸ.

ನಮ್ಮ ಜೊತೆಗೆ ಬರುತ್ತಿದ್ದ ರೈಲ್ವೆಯ ಬಸಪ್ಪ ಕಾಕಾ ಮೊದಲ ದಿನವೇ ಹೇಳಿದ್ದರು.

"ಒಬ್ಬಾಂವ ಹಳಿ ಮ್ಯಾಲ, ಒಬ್ಬಾಂವ ಕಾವಲಾ. ಸೀಟಿ ಕಾವಲದಾಂವನ ಕೊಳ್ಳಾಗ ಇರಬೇಕ ನೋಡ್ರಪಾ. ಸೀಟಿ ಕೇಳಿತಂದ್ರ ಯಾಕಂತ ಕೇಳಬ್ಯಾಡ್ರಿ, ಜಿಗದಬಿಡ್ರಿ."

ಅವತ್ತು ಮಧ್ಯಾಹ್ನ ಈರಣ್ಣನ ಮನೆಯಲ್ಲಿ ಊಟ. ಹೊರಡುವಾಗ ಅವರವ್ವ ರೊಟ್ಟಿ ಗಂಟು ಕೊಟ್ಟು ನನ್ನ ಕೈ ಹಿಡಿದುಕೊಂಡರು. "ನಮ್ಮ ಈರ್ಯಾಗ ಮೈಮ್ಯಾಲ ಖಬರ ಇರೂದಿಲ್ಲೋ ತಮ್ಮಾ. ನೀನ ನೋಡ್ಕೋಬೇಕು."

ರಾತ್ರಿ ಗಾಳಿಯಲ್ಲಿ ಕಬ್ಬಿನ ಒಣಗರಿ, ಅಂದರೆ ರವದಿ, ಸುಟ್ಟ ವಾಸನೆ... ಕಾಕಾ ನೀರು ತರಲು ರೈಲ್ವೆ ಗೇಟಿನ ಕಡೆ ಹೋಗಿದ್ದರು. ಅಲ್ಲಿಯವರೆಗೆ ಬಡಿಯುತ್ತಿದ್ದವನು ನಾನು, ಕಾವಲಿಗೆ ಈರಣ್ಣ. ನನ್ನ ಕೈ ಸೋತಿದ್ದು ಕಂಡು, "ತಾ ಇಲ್ಲೆ, ನಿನ್ನ ಕೈಲೆ ಆಗೂದಲ್ಲ" ಎಂದು ಸುತ್ತಿಗೆ ಕಸಿದುಕೊಂಡ. ನಾನು ದೂರ ಹೋಗಿ ಕಾವಲು ನಿಂತೆ.

ಅಲ್ಲಿ ಜೋಡಿ ಹಳಿ. ಆಚೆ ಹಳಿಯಲ್ಲಿ ಪ್ಯಾಸೆಂಜರ್ ಬಂತು. ನಮ್ಮ ಹಳಿಯದಲ್ಲವಲ್ಲ, ಈರಣ್ಣ ತಲೆಯೆತ್ತಲಿಲ್ಲ. ಬೋಗಿಗಳು ಧಡಧಡ ಹಾಯುತ್ತಿರುವಾಗಲೇ ಅವನ ಬೆನ್ನ ಹಿಂದಿನ ತಿರುವಿನಲ್ಲಿ ಇನ್ನೊಂದು ಬೆಳಕು ಕಂಡಿತು... ನಮ್ಮ ಹಳಿಯ ಮೇಲೆ.

ಕೈ ಕೊರಳಿಗೆ ಹೋಯಿತು. ಸೀಟಿ ಇರಲಿಲ್ಲ.

ಜೇಬು ತಡಕಿದೆ. ಇಲ್ಲ! "ಈರ್ಯಾ! ಏಳಲೇ! ಈರ್ಯಾ!" ಪ್ಯಾಸೆಂಜರಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಜಲ್ಲಿಯ ಮೇಲೆ ಓಡಿದೆ, ಬಿದ್ದೆ, ಎದ್ದು ಮತ್ತೆ ಓಡಿದೆ. ಮುಟ್ಟಲಾರೆ ಎಂದು ಗೊತ್ತಾಗಿಹೋಯಿತು. ಬೆಳಕು ಅವನ ಬೆನ್ನಿನ ಮೇಲೆ ಬಿತ್ತು. ಅವರವ್ವನಿಗೆ ಏನು ಹೇಳಲಿ? ಓಡುತ್ತಲೇ ಬಾಯಿಬಿಟ್ಟು ಅತ್ತೆ.

ಆಗ ಈರಣ್ಣ ಚಕ್ಕನೆ ಎದ್ದು ಪಕ್ಕದ ಇಳಿಜಾರಿಗೆ ಜಿಗಿದ. ಅವನಿದ್ದ ಜಾಗದ ಮೇಲೆ ಗೂಡ್ಸ್ ಗಾಡಿ ಹಾದುಹೋಯಿತು.

ಗಾಡಿ ಹೋದ ಮೇಲೆ ಕುಂಟುತ್ತ ಅವನ ಬಳಿ ಬಂದೆ. ಅದೇ ಹಳಿಯ ಮೇಲೆ ಕುಸಿದು ಕೂತೆ.

"ಎಂಥಾ ಸೀಟಿ ಊದಿದ್ಯೋ ಮಾರಾಯಾ..." ಇಳಿಜಾರಿನಿಂದ ಈರಣ್ಣ ಏದುಸಿರು ಬಿಡುತ್ತ ಅಂದ. "ಕಿವ್ಯಾಗ ಬಾಯಿಟ್ಟು ಊದಿದಂಗ ಆತು."

"ನನ್ನ ಹಂತ್ಯಾಕ ಸೀಟಿನ ಇಲ್ಲಲೇ."

ಅವನ ಕೈ ಮೆಲ್ಲಗೆ ತನ್ನದೇ ಅಂಗಿಯೊಳಗೆ ಹೋಯಿತು. ದಾರ ಎಳೆದ. ಸೀಟಿ ಅವನ ಕೊರಳಲ್ಲೇ ಇತ್ತು. ಕೆಲಸ ಬದಲಿಸಿಕೊಂಡಾಗ ಇಬ್ಬರಿಗೂ ಅದರ ನೆನಪಾಗಿರಲಿಲ್ಲ.

ಮರುದಿನ ಯಂತ್ರದಲ್ಲಿ ಹಿಡಿದದ್ದನ್ನು ಕೇಳಿದೆವು. ಸುತ್ತಿಗೆಯ ಠಣ್ ಠಣ್... ಪ್ಯಾಸೆಂಜರ್... ಅದರ ನಡುವೆ ಚೂಪಾದ ಒಂದು ಸೀಟಿ. ಹಿಂದೆಯೇ ಗೂಡ್ಸ್. ಆಮೇಲೆ ನಮ್ಮ ಮಾತು. "ನನ್ನ ಹಂತ್ಯಾಕ ಸೀಟಿನ ಇಲ್ಲಲೇ" ಎಂಬ ನನ್ನ ಅಳುದನಿ.

ಅದಾದ ಕೂಡಲೇ ಮತ್ತೆ ಸೀಟಿ...

ಈ ಸಲ ಬಲು ಉದ್ದ. ಯಾರೋ ಉಸಿರು ಮುಗಿಯುವವರೆಗೂ ಊದಿ, ಉಸಿರೆಳೆದು, ಮತ್ತೆ ಊದುತ್ತಿದ್ದರು. ಹಿಂದಿನ ರಾತ್ರಿ ನಮ್ಮಿಬ್ಬರಿಗೂ ಅದು ಕೇಳಿಸಿರಲಿಲ್ಲ. ಬಳಿಕ ಗಾಡಿ ಬರುವಾಗಿನಂತೆ ಹಳಿಯ ಗುಂಯ್ ಎನ್ನುವ ಸದ್ದು ಹತ್ತಿರ ಬಂತು, ದಾಟಿತು, ದೂರವಾಯಿತು. ಆದರೆ ಗೂಡ್ಸ್ ಹೋದ ಮೇಲೆ ಬೇರೆ ಗಾಡಿ ಬಂದೇ ಇರಲಿಲ್ಲ. ಕಾಕಾ ಕೂಡ ಹಾಗೇ ಹೇಳಿದರು.

ಈರಣ್ಣ ಯಂತ್ರ ಆರಿಸಿ ನನ್ನ ಮುಖ ನೋಡಿದ. "ಇದು ಊದುಮುಂದ ನೀ ಎಲ್ಲಿ ಕುಂತಿದ್ದಿಲೇ?" ಎಂದು ಪಿಸುಗುಟ್ಟಿದ.

ಅವನಿಗೂ ಗೊತ್ತಿತ್ತು. ನಾನು ಹಳಿಯ ಮೇಲೇ ಕೂತಿದ್ದೆ. ಮೊದಲನೇ ಸೀಟಿಗೆ ಅವನು ಜಿಗಿದ, ಬದುಕಿದ. ಎರಡನೆಯದಕ್ಕೆ ನಾನು ಏಳಲಿಲ್ಲ... ಆ ಹೊತ್ತು ನನ್ನ ಮೇಲೆ ಹಾದುಹೋದದ್ದು ಏನು?